ಗ್ರಾಫೀನಿನ ಟ್ರಾನ್ಸಿಸ್ಟರು ಮತ್ತು ರಕ್ತಪರೀಕ್ಷೆ

ಪಾಠಶಾಲೆಗೆ ಬರುವ ಮಗುವಿನ ಕೈಗೆ ನಾವು ಮೊದಲು ಕೊಡುವ ಬರವಣಿಗೆಯ ಸಾಧನ ಸೀಸದ ಕಡ್ಡಿ. ಹೆಸರು ಹೀಗಿದ್ದರೂ ಅದರಲ್ಲಿ ಸೀಸದ ಲವಲೇಶವೂ ಇಲ್ಲ. ಅದರ ಕಪ್ಪು ತಿರುಳು, ಗ್ರಾಫೈಟು ಎಂಬ ಖನಿಜವನ್ನು ಜೇಡಿಮಣ್ಣಿನೊಡನೆ ಬೆರೆಸಿ ಸುಟ್ಟು ಮಾಡಿದುದು. ಗ್ರಾಫೈಟಾದರೋ ಇಂಗಾಲದ ಒಂದು ರೂಪ. ವಜ್ರವೂ ಅದೇ ಇಂಗಾಲದ ಇನ್ನೊಂದು ರೂಪ. ಈ ಕಪ್ಪಿನ ಒಂದೇ ಒಂದು ಪದರವನ್ನು ಬಿಡಿಸಿ, ಅದರಿಂದ ಟ್ರಾನ್ಸಿಸ್ಟರನ್ನು ನಿರ್ಮಿಸಿ, ಅದರ ಮೇಲೆ ಮನುಷ್ಯನ ದೇಹದಿಂದ ತೆಗೆದ ದ್ರವದ ಹನಿಯನ್ನಿಟ್ಟು, ರೋಗದ ಗುರುತನ್ನು ವಿದ್ಯುತ್ತಿನ ಮೂಲಕ ಓದುವ ವಿದ್ಯೆಯೊಂದು ಈಚಿನ ವರ್ಷಗಳಲ್ಲಿ ಬೆಳೆದಿದೆ. ನಮಗೆ ನೆರೆಯಾದ ನೀಲಗಿರಿ, ವಯನಾಡು ಸೀಮೆಗಳ ಗಿರಿಜನರಲ್ಲಿ ತಲೆತಲಾಂತರದಿಂದ ಉಳಿದುಬಂದಿರುವ ಒಂದು ರಕ್ತರೋಗಕ್ಕೂ ಈ ವಿದ್ಯೆಗೂ ಸಂಬಂಧವುಂಟು. ಆದುದರಿಂದ ನಮ್ಮ ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ಇದನ್ನು ಅರಿತಿರುವುದು ಉಚಿತವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲು ಗ್ರಾಫೈಟಿನ ರಚನೆಯನ್ನು ನೋಡೋಣ. ಊಟಕ್ಕೆ ಹಚ್ಚಿದ ಎಲೆಗಳನ್ನು ಒಂದರ ಮೇಲೊಂದು ಅಡಕಿಟ್ಟಂತೆ ಇಂಗಾಲದ ತೆಳುಹಾಳೆಗಳು ಅದರಲ್ಲಿ ಜೋಡಣೆಯಾಗಿವೆ. ಒಂದೊಂದು ಹಾಳೆಯಲ್ಲಿಯೂ ಇಂಗಾಲದ ಪರಮಾಣುಗಳು ಜೇನುಹುಟ್ಟಿನ ಕಣ್ಣುಗಳಂತೆ ಆರು ಮೂಲೆಯ ಮನೆಗಳನ್ನು ಕಟ್ಟಿಕೊಂಡು ನಿಂತಿವೆ. ಹಾಳೆಯೊಳಗಿನ ಪರಮಾಣುಗಳ ಹಿಡಿತ ಬಲು ಬಿಗಿ. ಹಾಳೆಗೂ ಹಾಳೆಗೂ ನಡುವಿನ ಹಿಡಿತ ಬಲು ಸಡಿಲ. ಈ ಸಡಿಲಿನಿಂದಲೇ ನಾವು ಬರೆದಾಗ ಪದರಗಳು ಜಾರಿ ಕಾಗದಕ್ಕೆ ಅಂಟಿಕೊಳ್ಳುತ್ತವೆ. ಎರಡು ಹಾಳೆಗಳ ನಡುವಣ ದೂರ ೦.೩೩೫ ನ್ಯಾನೋಮೀಟರು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರು. ಹಾಗಾದರೆ ಒಂದು ಮಿಲಿಮೀಟರು ದಪ್ಪದ ಗ್ರಾಫೈಟಿನಲ್ಲಿ ಎಷ್ಟು ಹಾಳೆಗಳಿರಬಹುದೆಂಬುದನ್ನು ವಿದ್ಯಾರ್ಥಿಗಳು ತಾವೇ ಭಾಗಿಸಿ ನೋಡಲಿ; ಉತ್ತರ ಸುಮಾರು ೩೦ ಲಕ್ಷ ಬರುತ್ತದೆ. ಹೀಗೆ ಒಂಟಿಯಾಗಿ ಬಿಡಿಸಿದ ಹಾಳೆಗೆ ಗ್ರಾಫೀನು ಎಂದು ಹೆಸರು.

ಗ್ರಾಫೈಟು ವಿದ್ಯುತ್ತನ್ನು ಹರಿಯಗೊಡುತ್ತದೆ. ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಚಿತ್ರ ಬರೆಯುವ ಮೆತ್ತನೆಯ ೬-ಬಿ ಪೆನ್ಸಿಲಿನಿಂದ ಕಾಗದದ ಮೇಲೆ ಬೆರಳಗಲದ ಪಟ್ಟಿಯೊಂದನ್ನು ಬಿಳುಪು ಕಾಣದಂತೆ ಗಟ್ಟಿಯಾಗಿ ತೀಡಬೇಕು. ೯ ವೋಲ್ಟಿನ ಬ್ಯಾಟರಿ, ಸಣ್ಣ ಎಲ್.ಇ.ಡಿ. ದೀಪ, ಈ ಕಪ್ಪು ಪಟ್ಟಿ, ಇವು ಮೂರನ್ನೂ ತಂತಿಗಳಿಂದ ಒಂದೇ ಸುತ್ತಿನಲ್ಲಿ ಸೇರಿಸಿದರೆ ದೀಪ ಮಂದವಾಗಿ ಬೆಳಗುತ್ತದೆ. ದೀಪದ ಉದ್ದ ಕಾಲು ಬ್ಯಾಟರಿಯ ಧನ ತುದಿಯ ಕಡೆಗಿರಬೇಕು. ತಂತಿಯ ತುದಿಗಳನ್ನು ಪಟ್ಟಿಯ ಮೇಲೆ ಹತ್ತಿರ ಹತ್ತಿರ ತಂದಂತೆ ಬೆಳಕು ಹೆಚ್ಚುತ್ತದೆ. ಮನೆಯ ಗೋಡೆಯ ವಿದ್ಯುತ್ತಿನೊಡನೆ ಮಾತ್ರ ಈ ಆಟ ಸಲ್ಲದು.

ಒಂಟಿ ಹಾಳೆಯ ಗುಣಗಳನ್ನು ವಾಲೇಸ್ ಎಂಬ ವಿಜ್ಞಾನಿ ೧೯೪೭ರಷ್ಟು ಹಿಂದೆಯೇ ಗಣಿತದಿಂದ ಲೆಕ್ಕಹಾಕಿದ್ದನು. ಆದರೆ ಅಷ್ಟು ತೆಳುವಾದ ಹಾಳೆ ತಾನೇ ತಾನಾಗಿ ನಿಲ್ಲಲಾರದು, ಸುರುಟಿ ಹಾಳಾಗುತ್ತದೆ ಎಂಬುದು ಬಲ್ಲವರ ಅಭಿಪ್ರಾಯವಾಗಿತ್ತು. ೨೦೦೪ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಎಂಬವರು ತಮ್ಮ ಸಂಗಡಿಗರೊಡನೆ ಅದನ್ನು ಸಾಧಿಸಿ ತೋರಿಸಿದರು. ಅವರ ಉಪಕರಣವೋ, ನಾವು ಹರಿದ ಪುಸ್ತಕಕ್ಕೆ ಹಚ್ಚುವಂತಹ ಅಂಟುಪಟ್ಟಿ. ಗ್ರಾಫೈಟಿನ ಚೂರಿಗೆ ಪಟ್ಟಿಯನ್ನು ಅಂಟಿಸಿ ಕೀಳುವುದು, ಕಿತ್ತುಬಂದ ಪದರವನ್ನು ಮತ್ತೆ ಅಂಟಿಸಿ ಕೀಳುವುದು, ಕೊನೆಗೆ ಉಳಿದುದನ್ನು ಸಿಲಿಕಾನಿನ ಬಿಲ್ಲೆಗೆ ಒತ್ತಿ ಸೂಕ್ಷ್ಮದರ್ಶಕದಲ್ಲಿ ಹುಡುಕುವುದು. ೨೦೧೦ರಲ್ಲಿ ಅವರಿಬ್ಬರಿಗೂ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಬಂದಿತು. ಅಂಟುಪಟ್ಟಿಯ ಕಥೆ ವೃತ್ತಪತ್ರಿಕೆಗಳಿಗೆ ಬಹಳ ಪ್ರಿಯವಾಯಿತು. ಆದರೆ ನಮ್ಮ ದೃಷ್ಟಿಯಲ್ಲಿ ಅವರ ಹೆಚ್ಚುಗಾರಿಕೆ ಹಾಳೆಯನ್ನು ಕಿತ್ತುದರಲ್ಲಿಲ್ಲ. ಕಿತ್ತ ಹಾಳೆಗೆ ಲೋಹದ ತುದಿಗಳನ್ನು ಕೂಡಿಸಿ, ಹೊರಗಿನ ವಿದ್ಯುತ್ ಕ್ಷೇತ್ರಕ್ಕೆ ಅದರೊಳಗಿನ ಪ್ರವಾಹ ಹೇಗೆ ಮಣಿಯುತ್ತದೆಂಬುದನ್ನು ಅವರು ಅದೇ ಮೊದಲ ಪ್ರಬಂಧದಲ್ಲಿಯೇ ಅಳೆದು ತೋರಿಸಿದರು. ಎಂದರೆ ಗ್ರಾಫೀನು ಲೋಕಕ್ಕೆ ಪರಿಚಿತವಾದುದೇ ಟ್ರಾನ್ಸಿಸ್ಟರಿನ ರೂಪದಲ್ಲಿ.

ಟ್ರಾನ್ಸಿಸ್ಟರು ಎಂದೊಡನೆ ಹಿರಿಯರಿಗೆ ಕೈಯಲ್ಲಿ ಹಿಡಿದು ತಿರುಗುತ್ತಿದ್ದ ರೇಡಿಯೋ ನೆನಪಾಗುವುದು ಸಹಜ. ಆ ರೇಡಿಯೋಗೆ ಆ ಹೆಸರು ಬಂದುದು ಅದರೊಳಗಿದ್ದ ಪುಟ್ಟ ಬಿಡಿಭಾಗದಿಂದ. ೧೯೪೭ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಅದು ಮೊದಲು ಕೆಲಸಮಾಡಿತು. ಅದಕ್ಕಾಗಿ ಬಾರ್ಡೀನ್, ಬ್ರಾಟನ್, ಶಾಕ್ಲಿ ಎಂಬ ಮೂವರಿಗೆ ೧೯೫೬ರ ನೊಬೆಲ್ ಪಾರಿತೋಷಕ ದೊರೆಯಿತು. ಟ್ರಾನ್ಸಿಸ್ಟರುಗಳಲ್ಲಿ ಹಲವು ಬಗೆ. ನಮಗೆ ಬೇಕಾದುದು ಕ್ಷೇತ್ರಪರಿಣಾಮದ ಟ್ರಾನ್ಸಿಸ್ಟರು ಎಂಬ ಬಗೆ. ಕೆರೆಯ ತೂಬನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಕಾಲುವೆಯ ಒಂದು ತುದಿಯಿಂದ ನೀರು ಬರುತ್ತದೆ, ಇನ್ನೊಂದು ತುದಿಯಿಂದ ಹೋಗುತ್ತದೆ, ನಡುವೆ ಇರುವ ತೂಬಿನ ಹಲಗೆಯನ್ನು ಸ್ವಲ್ಪ ಎತ್ತಿಳಿಸಿದರೆ ಹರಿವು ಹೆಚ್ಚುಕಡಿಮೆಯಾಗುತ್ತದೆ. ಟ್ರಾನ್ಸಿಸ್ಟರಿನಲ್ಲಿ ಹರಿಯುವುದು ವಿದ್ಯುತ್ತು. ತೂಬಿನ ಹಲಗೆಯ ಸ್ಥಾನದಲ್ಲಿ ದ್ವಾರವೆಂಬ ಮೂರನೆಯ ಭಾಗವಿದೆ. ಅದು ಪ್ರವಾಹವನ್ನು ಮುಟ್ಟುವುದಿಲ್ಲ. ಅದರ ಮೇಲಿನ ವಿದ್ಯುದಾವೇಶ ದೂರದಿಂದಲೇ ಕಾಲುವೆಯೊಳಗಿನ ಎಲೆಕ್ಟ್ರಾನುಗಳನ್ನು ಸೆಳೆಯುತ್ತದೆ ಇಲ್ಲವೆ ಅಟ್ಟುತ್ತದೆ. ದ್ವಾರದಲ್ಲಿ ಆವೇಶ ಎಳ್ಳಷ್ಟು ಬದಲಾದರೂ ಕಾಲುವೆಯ ಪ್ರವಾಹ ಬಹಳವಾಗಿ ಬದಲಾಗುತ್ತದೆ. ಅಲ್ಪವನ್ನು ಅಧಿಕವಾಗಿ ತೋರಿಸುವ ಈ ಗುಣವೇ ಸಂವೇದಕಕ್ಕೆ ಬೇಕಾದುದು.

ಹಾಲೆಂಡಿನ ಪೀಟ್ ಬರ್ಗ್‌ವೆಲ್ಡ್ ಎಂಬ ವಿಜ್ಞಾನಿ ೧೯೭೦ರಲ್ಲಿ ಒಂದು ಸರಳವಾದ ಉಪಾಯವನ್ನು ಪ್ರಕಟಿಸಿದನು. ಟ್ರಾನ್ಸಿಸ್ಟರಿನ ಲೋಹದ ದ್ವಾರವನ್ನು ತೆಗೆದುಹಾಕಿ, ಆ ಜಾಗವನ್ನು ನೇರವಾಗಿ ದ್ರವದಲ್ಲಿ ಅದ್ದಿದರೆ ಏನಾದೀತು? ಆಗ ದ್ರವದಲ್ಲಿರುವ ಆವೇಶಗಳೇ ದ್ವಾರದ ಕೆಲಸವನ್ನು ಮಾಡುತ್ತವೆ. ನರಗಳ ಸುತ್ತಣ ದ್ರವದಲ್ಲಿ ಅಯಾನುಗಳ ಏರಿಳಿತವನ್ನು ಅಳೆಯಬೇಕೆಂಬುದು ಅವನ ಉದ್ದೇಶವಾಗಿತ್ತು. ಅದಕ್ಕೂ ಮೊದಲು, ೧೯೬೨ರಲ್ಲಿ, ಅಮೆರಿಕದ ಲೆಲೆಂಡ್ ಕ್ಲಾರ್ಕ್ ಎಂಬಾತನು ಕಿಣ್ವವನ್ನು ವಿದ್ಯುದಗ್ರದೊಡನೆ ಸೇರಿಸಿ ರಕ್ತದ ಗ್ಲೂಕೋಸನ್ನು ಅಳೆಯುವ ದಾರಿಯನ್ನು ತೋರಿಸಿದ್ದನು. ಮಧುಮೇಹವುಳ್ಳವರು ಇಂದು ಮನೆಯಲ್ಲಿಯೇ ಬೆರಳ ತುದಿಯ ಹನಿಯಿಂದ ಸಕ್ಕರೆಯನ್ನು ನೋಡಿಕೊಳ್ಳುತ್ತಿರುವುದು ಆ ದಾರಿಯ ಫಲ. ಜೀವದ್ರವ್ಯವೊಂದು ಗುರುತಿಸುವುದು, ವಿದ್ಯುತ್ ಸಾಧನವೊಂದು ವರದಿಮಾಡುವುದು, ಈ ಜೋಡಿಗೆ ಜೀವಸಂವೇದಕವೆನ್ನುತ್ತಾರೆ.

ಈ ಕೆಲಸಕ್ಕೆ ಸಿಲಿಕಾನು ಇರುವಾಗ ಗ್ರಾಫೀನು ಏಕೆ ಬೇಕಾಯಿತು? ಸಿಲಿಕಾನಿನ ಟ್ರಾನ್ಸಿಸ್ಟರಿನಲ್ಲಿ ಪ್ರವಾಹ ಹರಿಯುವುದು ಅವಾಹಕ ಪದರದ ಅಡಿಯಲ್ಲಿ, ಹೊದಿಕೆ ಹೊದ್ದವನಂತೆ. ಹೊರಗಿನ ಆವೇಶದ ಪ್ರಭಾವ ಆ ಹೊದಿಕೆಯನ್ನು ದಾಟಿ ಬರಬೇಕು. ಗ್ರಾಫೀನಿಗೆ ಹೊದಿಕೆಯೇ ಇಲ್ಲ. ಅಷ್ಟೇ ಅಲ್ಲ, ದಪ್ಪವಾದ ತಂತಿಯೊಂದನ್ನು ತೆಗೆದುಕೊಂಡರೆ ಅದರ ಮೈಮೇಲಿನ ಕೆಲವು ಪರಮಾಣುಗಳಿಗೆ ಮಾತ್ರ ಹೊರಗಿನ ಸಂಗತಿ ತಿಳಿಯುತ್ತದೆ. ಒಳಗಿನ ಕೋಟ್ಯಂತರ ಪರಮಾಣುಗಳಿಗೆ ಅದರ ಸುಳಿವೂ ಇರುವುದಿಲ್ಲ, ಪ್ರವಾಹ ಅವುಗಳ ಮೂಲಕ ನಿಶ್ಚಿಂತೆಯಿಂದ ಹರಿಯುತ್ತಿರುತ್ತದೆ. ಗ್ರಾಫೀನಿನಲ್ಲಿ ಒಳಗು ಎಂಬುದೇ ಇಲ್ಲ; ಪ್ರತಿಯೊಂದು ಪರಮಾಣುವೂ ಮೈಮೇಲೆಯೇ ಇದೆ. ಅದರ ಮೇಲೆ ಏನು ಬಂದು ಕುಳಿತರೂ ಇಡೀ ಪ್ರವಾಹಕ್ಕೆ ಅದರ ಅರಿವಾಗುತ್ತದೆ. ೨೦೦೭ರಲ್ಲಿ ಮ್ಯಾಂಚೆಸ್ಟರಿನವರೇ ಅನಿಲದ ಒಂದೊಂದು ಅಣು ಗ್ರಾಫೀನಿನ ಮೇಲೆ ಬಂದು ಕೂರುವುದನ್ನೂ ಏಳುವುದನ್ನೂ ವಿದ್ಯುತ್ತಿನ ಮೆಟ್ಟಿಲುಗಳಾಗಿ ಕಂಡರು.

ಇದರ ಮುಂದಿನ ಹೆಜ್ಜೆ ಗ್ರಾಫೀನನ್ನು ದ್ರವದ ದ್ವಾರದಿಂದ ಆಳುವುದು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಅಜಯ್ ಸೂದ್ ಅವರ ತಂಡ ೨೦೦೮ರಲ್ಲಿ ಪ್ರಕಟಿಸಿದ ಕಾರ್ಯವೊಂದು ಈ ವಿಷಯದಲ್ಲಿ ಹೆಸರಾಗಿದೆ. ಅಯಾನುಗಳುಳ್ಳ ವಿದ್ಯುದ್ವಿಚ್ಛೇದ್ಯವನ್ನೇ ಮೇಲಿನ ದ್ವಾರವಾಗಿ ಬಳಸಿ, ಗ್ರಾಫೀನಿನೊಳಗಿನ ಎಲೆಕ್ಟ್ರಾನುಗಳ ಸಂಖ್ಯೆಯನ್ನು ಏರಿಸಿ ಇಳಿಸಿ, ಆ ಬದಲಾವಣೆಯನ್ನು ರಾಮನ್ ಪರಿಣಾಮದ ಬೆಳಕಿನಿಂದ ಅವರು ಓದಿದರು. ಸರ್ ಸಿ. ವಿ. ರಾಮನ್ ೧೯೨೮ರಲ್ಲಿ ಕಂಡ ಬೆಳಕು ಇಂದು ಗ್ರಾಫೀನಿನ ಪದರಗಳನ್ನು ಎಣಿಸುವುದಕ್ಕೂ ಬಳಕೆಯಾಗುತ್ತಿದೆಯೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ೨೦೦೯ರಲ್ಲಿ ಜಪಾನಿನ ಓಸಾಕಾ ವಿಶ್ವವಿದ್ಯಾನಿಲಯದವರು ದ್ರವದಲ್ಲಿಟ್ಟ ಗ್ರಾಫೀನಿನ ಟ್ರಾನ್ಸಿಸ್ಟರಿನಿಂದ ದ್ರವದ ಆಮ್ಲಗುಣವನ್ನೂ, ಪ್ರೋಟೀನು ಬಂದು ಅಂಟಿದುದನ್ನೂ ಅಳೆದರು.

ಅಳೆಯುವ ಬಗೆ ಹೀಗೆ. ದ್ವಾರದ ವೋಲ್ಟೇಜನ್ನು ಅಡ್ಡಗೆರೆಯಲ್ಲಿಯೂ ಪ್ರವಾಹವನ್ನು ನಿಲುಗೆರೆಯಲ್ಲಿಯೂ ಗುರುತಿಸಿ ನಕ್ಷೆ ಬರೆದರೆ, ಎರಡು ಗುಡ್ಡಗಳ ನಡುವಿನ ಕಣಿವೆಯ ಆಕಾರ ಬರುತ್ತದೆ. ಕಣಿವೆಯ ತಳ ಪ್ರವಾಹ ಅತ್ಯಂತ ಕಡಿಮೆಯಾದ ಸ್ಥಾನ. ಆವೇಶವುಳ್ಳ ಅಣುಗಳು ಹಾಳೆಯ ಬಳಿ ಸೇರಿದಾಗ ಈ ಕಣಿವೆ ಎಡಕ್ಕೋ ಬಲಕ್ಕೋ ಸರಿಯುತ್ತದೆ. ಎಷ್ಟು ಸರಿಯಿತೆಂಬುದೇ ಉತ್ತರ. ಬಣ್ಣ ಹಾಕುವುದು ಬೇಡ, ಹೊಳೆಯುವ ಗುರುತುಗಳನ್ನು ಅಂಟಿಸುವುದು ಬೇಡ. ಅಣು ತನ್ನ ಮೈಮೇಲಿನ ಆವೇಶದಿಂದಲೇ ತನ್ನ ಬರವನ್ನು ಸಾರುತ್ತದೆ.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸದೆ ಮುಂದೆ ಹೋಗುವಂತಿಲ್ಲ. ಗ್ರಾಫೀನಿಗೆ ಯಾವ ರೋಗದ ಹೆಸರೂ ಗೊತ್ತಿಲ್ಲ. ಯಾರೋ ಬಂದರು ಎಂಬುದಷ್ಟೇ ಅದಕ್ಕೆ ತಿಳಿಯುತ್ತದೆ. ಬಂದವರು ಯಾರೆಂಬುದು ತಿಳಿಯದು. ಬೊಗಳುವ ನಾಯಿಗೂ ಬಾಗಿಲಲ್ಲಿ ನಿಂತು ಹೆಸರು ಕೇಳುವ ಮನೆಯ ಯಜಮಾನನಿಗೂ ಇರುವ ವ್ಯತ್ಯಾಸ ಇದು. ಆದುದರಿಂದ ಗ್ರಾಫೀನಿನ ಮೇಲೆ ಯಜಮಾನನನ್ನು ಕೂರಿಸಬೇಕಾಗುತ್ತದೆ. ಅಂತಹ ಯಜಮಾನರು ಪ್ರಕೃತಿಯಲ್ಲಿಯೇ ಉಂಟು. ಒಂದು ವೈರಸ್ಸನ್ನು ಮಾತ್ರ ಹಿಡಿಯುವ ಪ್ರತಿಕಾಯ, ಒಂದು ಸಕ್ಕರೆಯನ್ನು ಮಾತ್ರ ಮುಟ್ಟುವ ಕಿಣ್ವ, ತನ್ನ ಜೊತೆಯ ಎಳೆಯನ್ನು ಮಾತ್ರ ಅಪ್ಪುವ ಡಿ.ಎನ್.ಎ. ಎಳೆ, ಇವೇ ಮೊದಲಾದುವು. ಇವನ್ನು ಹಾಳೆಗೆ ಅಂಟಿಸುವುದೂ ಒಂದು ಕುಶಲತೆ. ಮೊಳೆ ಹೊಡೆದಂತೆ ಗ್ರಾಫೀನಿನ ಪರಮಾಣುಗಳೊಡನೆ ರಾಸಾಯನಿಕ ಬಂಧವನ್ನೇ ಮಾಡಿದರೆ ಜೇನುಹುಟ್ಟಿನ ಹೆಣಿಗೆ ಕೆಟ್ಟು ಪ್ರವಾಹವೂ ಕೆಡುತ್ತದೆ. ಅದಕ್ಕಾಗಿ ಪೈರೀನು ಎಂಬ ಅಣುವನ್ನು ಬಳಸುವ ರೂಢಿಯಿದೆ. ಅದರಲ್ಲಿಯೂ ಇಂಗಾಲದ ಆರು ಮೂಲೆಯ ನಾಲ್ಕು ಮನೆಗಳು ಕೂಡಿಕೊಂಡಿವೆ. ಆದುದರಿಂದ ಅದು ಗ್ರಾಫೀನಿನ ಮೇಲೆ ಚಾಪೆಯ ಮೇಲೆ ಚಾಪೆ ಹಾಸಿದಂತೆ ಮಟ್ಟಸವಾಗಿ ಮಲಗಿ ಅಂಟಿಕೊಳ್ಳುತ್ತದೆ. ಅದರ ಇನ್ನೊಂದು ತುದಿಗೆ ಪ್ರತಿಕಾಯವನ್ನು ಕಟ್ಟುತ್ತಾರೆ. ಉಳಿದ ಬರಿಯ ಜಾಗವನ್ನು ಬೇರೆ ಅಣುಗಳಿಂದ ಮುಚ್ಚಿ, ಬೇಡದವರು ಬಂದು ಕೂರದಂತೆ ಮಾಡುತ್ತಾರೆ. ಸಂವೇದಕದ ಒಳ್ಳೆಯತನ ಗ್ರಾಫೀನಿನಷ್ಟೇ ಈ ಮೇಲಿನ ಏರ್ಪಾಟನ್ನೂ ಅವಲಂಬಿಸಿದೆ.

ಈಗ ನಾವು ಮೊದಲು ಸೂಚಿಸಿದ ರಕ್ತರೋಗಕ್ಕೆ ಬರೋಣ. ಅದಕ್ಕೆ ಸಿಕಲ್ ಸೆಲ್ ರೋಗವೆಂದು ಹೆಸರು. ಕುಡುಗೋಲು ಕಣದ ರೋಗವೆಂದು ಕನ್ನಡದಲ್ಲಿ ಹೇಳಬಹುದು. ಆರೋಗ್ಯವಂತನ ಕೆಂಪು ರಕ್ತಕಣ ದುಂಡಗಿದ್ದು, ಮೆತ್ತಗಿದ್ದು, ಅತಿ ಸಣ್ಣ ರಕ್ತನಾಳದಲ್ಲಿಯೂ ಬಾಗಿ ನುಸುಳುತ್ತದೆ. ಈ ರೋಗವುಳ್ಳವರಲ್ಲಿ ಆಮ್ಲಜನಕ ಕಡಿಮೆಯಾದಾಗ ಕಣ ಕುಡುಗೋಲಿನಂತೆ ಬಾಗಿ ಸೆಟೆದುಕೊಂಡು ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಕೈಕಾಲು ಸಂದುಗಳಲ್ಲಿ ಸಹಿಸಲಾಗದ ನೋವು, ರಕ್ತಹೀನತೆ, ಪದೇ ಪದೇ ಸೋಂಕು. ಭಾರತದಲ್ಲಿ ಇದರ ಮೊಟ್ಟಮೊದಲ ವರದಿಗಳಲ್ಲೊಂದು ೧೯೫೨ರಲ್ಲಿ ಲೇಮನ್ ಮತ್ತು ಕಟ್‌ಬುಶ್ ಎಂಬವರು ನಮ್ಮ ನೀಲಗಿರಿ ಬೆಟ್ಟಗಳ ಗಿರಿಜನರ ರಕ್ತವನ್ನು ನೋಡಿ ಪ್ರಕಟಿಸಿದುದು.

ರೋಗದ ಕಾರಣವನ್ನು ತಿಳಿದರೆ ಆಶ್ಚರ್ಯವಾಗುತ್ತದೆ. ೧೯೪೯ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ರೋಗಿಗಳ ಹಿಮೋಗ್ಲೋಬಿನನ್ನು ವಿದ್ಯುತ್ ಕ್ಷೇತ್ರದಲ್ಲಿಟ್ಟು ನೋಡಿದಾಗ ಅದು ಸಾಮಾನ್ಯ ಹಿಮೋಗ್ಲೋಬಿನಿಗಿಂತ ಬೇರೆ ವೇಗದಲ್ಲಿ ಚಲಿಸಿತು. ಎಂದರೆ ಅದರ ವಿದ್ಯುದಾವೇಶವೇ ಬೇರೆ. ಕೆಲವು ವರ್ಷಗಳಲ್ಲಿ ವರ್ನನ್ ಇನ್‌ಗ್ರಮ್ ಎಂಬಾತನು ವ್ಯತ್ಯಾಸ ಒಂದೇ ಒಂದು ಅಮೈನೋ ಆಮ್ಲದ್ದೆಂದು ತೋರಿಸಿದನು. ೧೪೬ ಅಮೈನೋ ಆಮ್ಲಗಳ ಸರದಲ್ಲಿ ಆರನೆಯದು ಗ್ಲುಟಾಮಿಕ್ ಆಮ್ಲವಾಗಿರಬೇಕಾದಲ್ಲಿ ವ್ಯಾಲೀನು ಇರುತ್ತದೆ. ಇದಕ್ಕೂ ಮೂಲ ವಂಶವಾಹಿಯಲ್ಲಿ ಒಂದಕ್ಷರದ ಬದಲಾವಣೆ. ಸುಮಾರು ೩೦೦ ಕೋಟಿ ಅಕ್ಷರಗಳ ಗ್ರಂಥದಲ್ಲಿ ಒಂದು ಅಕ್ಷರ ತಪ್ಪಿದೆ, ಅದರಿಂದ ಒಂದು ಜೀವ ನರಳುತ್ತಿದೆ. ಕಾಗುಣಿತ ತಪ್ಪಿದರೇನು ಮಹಾ ಎನ್ನುವ ಹುಡುಗರಿಗೆ ನಾವು ಈ ಉದಾಹರಣೆಯನ್ನು ಆಗಾಗ ಹೇಳುವುದುಂಟು.

ಪ್ರತಿಯೊಬ್ಬನಿಗೂ ಈ ವಂಶವಾಹಿಯ ಎರಡು ಪ್ರತಿಗಳು, ತಂದೆಯಿಂದ ಒಂದು, ತಾಯಿಯಿಂದ ಒಂದು. ಎರಡರಲ್ಲಿಯೂ ತಪ್ಪಿದ್ದರೆ ರೋಗ. ಒಂದರಲ್ಲಿ ಮಾತ್ರ ತಪ್ಪಿದ್ದರೆ ಆತ ವಾಹಕ. ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾನೆ. ಮಲೇರಿಯಾದ ವಿರುದ್ಧ ವಾಹಕರಿಗೆ ಹೆಚ್ಚಿನ ರಕ್ಷಣೆಯಿದೆಯೆಂದು ಆಲಿಸನ್ ಎಂಬ ವೈದ್ಯನು ೧೯೫೪ರಲ್ಲಿ ತೋರಿಸಿದನು. ಮಲೇರಿಯಾದ ಕಾಡುಸೀಮೆಗಳಲ್ಲಿ ಈ ತಪ್ಪಕ್ಷರ ಅಳಿಯದೆ ಉಳಿದುದಕ್ಕೆ ಕಾರಣ ಅದೇ. ಗಂಡಹೆಂಡಿರಿಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲಿಯೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲೊಂದು. ವಾಹಕನೆಂದರೆ ರೋಗಿಯೆಂದು ತಿಳಿದು ದೂರವಿಡುವವರು ಇನ್ನೂ ಇದ್ದಾರೆ. ಅದು ಅಜ್ಞಾನ. ಇದು ಮುಟ್ಟಿದರೆ ಅಂಟುವ ರೋಗವೂ ಅಲ್ಲ, ಯಾರ ಪಾಪದ ಫಲವೂ ಅಲ್ಲ. ಆದರೆ ರೋಗಿ, ವಾಹಕ, ಇವೆರಡೂ ಅಲ್ಲದವರು ಎಂಬ ಮೂರು ಬಗೆಯನ್ನು ಬೇರೆ ಬೇರೆಯಾಗಿ ತಿಳಿಸುವ ಪರೀಕ್ಷೆ ಬೇಕು.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಕಿಯಾನಾ ಆರಾನ್ ಮತ್ತು ಸಂಗಡಿಗರು ಇದಕ್ಕೆ ಗ್ರಾಫೀನನ್ನು ತೊಡಗಿಸಿದರು. ಅವರು ಕೂರಿಸಿದ ಯಜಮಾನ ಕ್ಯಾಸ್-೯ ಎಂಬ ಪ್ರೋಟೀನು. ಬ್ಯಾಕ್ಟೀರಿಯಗಳು ತಮ್ಮ ಮೇಲೆ ಎರಗುವ ವೈರಸ್ಸುಗಳ ಡಿ.ಎನ್.ಎ.ಯನ್ನು ಗುರುತಿಸಿ ಕತ್ತರಿಸಲು ಇದನ್ನು ಬಳಸುತ್ತವೆ. ಇದನ್ನು ವಂಶವಾಹಿಯ ತಿದ್ದುಪಡಿಗೆ ಸಾಧನವಾಗಿಸಿದ ಶಾರ್ಪೆಂಟಿಯೇ ಮತ್ತು ಡೌಡ್ನಾ ಎಂಬ ಮಹಿಳೆಯರಿಬ್ಬರಿಗೆ ೨೦೨೦ರ ರಸಾಯನವಿಜ್ಞಾನದ ನೊಬೆಲ್ ಪಾರಿತೋಷಕ ಬಂದಿದೆ. ಯಾವ ಸಾಲನ್ನು ಹುಡುಕಬೇಕೆಂದು ಇಪ್ಪತ್ತು ಅಕ್ಷರಗಳಷ್ಟು ಉದ್ದದ ಆರ್.ಎನ್.ಎ. ಚೀಟಿಯೊಂದನ್ನು ಅದರ ಕೈಯಲ್ಲಿಟ್ಟರೆ, ಅದು ಡಿ.ಎನ್.ಎ.ಯ ಉದ್ದಕ್ಕೂ ತಡಕಿ, ಹೊಂದುವ ಸಾಲು ಸಿಕ್ಕಿದಲ್ಲಿ ಹಿಡಿದು ನಿಲ್ಲುತ್ತದೆ. ಆರಾನ್ ತಂಡದವರು ಕತ್ತರಿಸುವ ಶಕ್ತಿಯನ್ನು ಕಳೆದ ಕ್ಯಾಸ್-೯ನ್ನು ಗ್ರಾಫೀನಿನ ಮೇಲೆ ನೆಲೆಗೊಳಿಸಿದರು. ಅದು ಡಿ.ಎನ್.ಎ.ಯನ್ನು ಹಿಡಿದಾಗ, ಡಿ.ಎನ್.ಎ.ಯ ಋಣ ಆವೇಶಗಳು ಹಾಳೆಯ ಬಳಿಗೆ ಬಂದು ಪ್ರವಾಹ ಬದಲಾಗುತ್ತದೆ. ೨೦೧೯ರಲ್ಲಿ ಪ್ರಕಟವಾದ ಮೊದಲ ಪ್ರಯೋಗದಲ್ಲಿ, ಡುಶೆನ್ ಎಂಬ ಸ್ನಾಯುಕ್ಷಯಕ್ಕೆ ಸಂಬಂಧಿಸಿದ ವಂಶವಾಹಿಯ ಭಾಗಗಳನ್ನು ೧೫ ನಿಮಿಷಗಳೊಳಗೆ ಗುರುತಿಸಿದರು. ೨೦೨೧ರ ಎರಡನೆಯ ಪ್ರಯೋಗ ಒಂದೇ ಅಕ್ಷರದ ವ್ಯತ್ಯಾಸವನ್ನು ಒಂದು ಗಂಟೆಯೊಳಗೆ ಹಿಡಿಯಿತು. ಸಿಕಲ್ ಸೆಲ್ ರೋಗಿಗಳ ಡಿ.ಎನ್.ಎ. ಮಾದರಿಗಳಲ್ಲಿ, ಎರಡು ಪ್ರತಿಗಳಲ್ಲಿಯೂ ತಪ್ಪಿರುವುದನ್ನೂ ಒಂದರಲ್ಲಿ ಮಾತ್ರ ತಪ್ಪಿರುವುದನ್ನೂ ಅದು ಬೇರ್ಪಡಿಸಿ ತೋರಿಸಿತು. ಕೋವಿಡ್ ಕಾಲದಲ್ಲಿ ಎಲ್ಲರ ಕಿವಿಗೂ ಬಿದ್ದ ಪಿ.ಸಿ.ಆರ್. ಪರೀಕ್ಷೆಯಲ್ಲಿ ಡಿ.ಎನ್.ಎ.ಯನ್ನು ಕೋಟಿಗಟ್ಟಲೆ ಪ್ರತಿ ಮಾಡಿದ ಮೇಲಷ್ಟೇ ಓದಲು ಸಾಧ್ಯ. ಇಲ್ಲಿ ಆ ಪ್ರತಿ ಮಾಡುವ ಯಂತ್ರವೇ ಬೇಕಿಲ್ಲ.

ಇಷ್ಟಾದ ಮೇಲೆ, ಆ ಯಂತ್ರ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಎಂದು ಬರುತ್ತದೆಯೆಂದು ಕೇಳಬೇಕಾದುದೇ. ಅದಕ್ಕೆ ಅಡ್ಡವಾಗಿ ನಿಂತಿರುವುದು, ನಂಬುವುದು ಕಷ್ಟವಾದರೂ, ಉಪ್ಪು. ಆಸ್ಪತ್ರೆಯಲ್ಲಿ ನರಕ್ಕೆ ಹಾಕುವ ಸಲೈನು ನೀರಿನಲ್ಲಿ ಲೀಟರಿಗೆ ೯ ಗ್ರಾಂ ಉಪ್ಪಿದೆ. ನಮ್ಮ ರಕ್ತದ್ರವದ ಉಪ್ಪಿನ ಬಲವೂ ಸುಮಾರಾಗಿ ಅಷ್ಟೇ. ಉಪ್ಪು ನೀರಿನಲ್ಲಿ ಧನ ಋಣ ಅಯಾನುಗಳಾಗಿ ಒಡೆದಿರುತ್ತದೆ. ಋಣ ಆವೇಶದ ಅಣುವೊಂದು ಬಂದೊಡನೆ ಧನ ಅಯಾನುಗಳು ಅದನ್ನು ಮುತ್ತಿಕೊಳ್ಳುತ್ತವೆ. ಜಾತ್ರೆಯಲ್ಲಿ ಗೆಳೆಯನನ್ನು ಕೂಗಿದರೆ ನಾಲ್ಕು ಮಾರು ದೂರದಲ್ಲಿಯೇ ಆ ಕೂಗು ಅಡಗಿಹೋಗುವಂತೆ, ಅಣುವಿನ ಆವೇಶದ ಪ್ರಭಾವವೂ ಈ ಗುಂಪಿನಲ್ಲಿ ಅಡಗುತ್ತದೆ. ಎಷ್ಟು ದೂರಕ್ಕೆ ಅಡಗುತ್ತದೆಂಬ ಅಳತೆಗೆ ಡಿಬೈ ದೂರವೆಂದು ಹೆಸರು. ೧೯೨೩ರಲ್ಲಿ ಡಿಬೈ ಮತ್ತು ಹ್ಯೂಕೆಲ್ ಎಂಬವರು ಕೊಟ್ಟ ಲೆಕ್ಕದಿಂದ ಬಂದುದು. ರಕ್ತದ ಉಪ್ಪಿನಲ್ಲಿ ಅದು ಒಂದು ನ್ಯಾನೋಮೀಟರಿಗಿಂತಲೂ ಕಡಿಮೆ, ಸುಮಾರು ೦.೮. ಪ್ರತಿಕಾಯದ ಎತ್ತರವೇ ಸುಮಾರು ೧೦ ನ್ಯಾನೋಮೀಟರು. ಅದರ ತುದಿಯಲ್ಲಿ ಸಿಕ್ಕಿಬಿದ್ದ ಅಣುವಿನ ಕೂಗು ಕೆಳಗಿನ ಗ್ರಾಫೀನಿಗೆ ಕೇಳಿಸುವ ಬಗೆ ಹೇಗೆ?

ದ್ರವವನ್ನು ತೆಳುಮಾಡುವುದು ಒಂದು ಉಪಾಯ. ಡಿಬೈ ದೂರ ಉಪ್ಪಿನ ಪ್ರಮಾಣದ ವರ್ಗಮೂಲಕ್ಕೆ ವಿಲೋಮವಾಗಿರುವುದರಿಂದ, ನೂರು ಪಾಲು ತೆಳುಮಾಡಿದರೆ ದೂರ ಹತ್ತು ಪಾಲು ಹೆಚ್ಚುತ್ತದೆ. ಆದರೆ ಹುಡುಕುವ ಅಣುವೂ ನೂರು ಪಾಲು ವಿರಳವಾಗುತ್ತದಲ್ಲ! ಪ್ರತಿಕಾಯದ ಬದಲು ಗಿಡ್ಡವಾದ ಡಿ.ಎನ್.ಎ. ಎಳೆಗಳನ್ನು ಬಳಸುವವರುಂಟು. ಇಲಿನಾಯ್ ವಿಶ್ವವಿದ್ಯಾನಿಲಯದ ರಶೀದ್ ಬಶೀರ್ ಅವರ ತಂಡ ೨೦೨೦ರಲ್ಲಿ ಗ್ರಾಫೀನನ್ನು ಮಟ್ಟಸವಾಗಿ ಹಾಸದೆ ಮುದುಡಿಸಿಟ್ಟು ನೋಡಿತು. ಮುದುಡಿದ ಹಾಳೆಯ ಸಂದುಗಳಲ್ಲಿ ಡಿಬೈ ದೂರ ಹೆಚ್ಚುತ್ತದೆಂದೂ, ಮಟ್ಟಸ ಹಾಳೆಗೆ ಕೇಳಿಸದ ಅತ್ಯಲ್ಪ ಡಿ.ಎನ್.ಎ.ಯೂ ಅಲ್ಲಿ ಕೇಳಿಸುತ್ತದೆಂದೂ ಅವರು ವರದಿಮಾಡಿದರು.

ಪ್ರಯೋಗಾಲಯದ ಶುದ್ಧ ದ್ರವಕ್ಕೂ ದೇಹದ ದ್ರವಕ್ಕೂ ಎಷ್ಟು ಅಂತರವೆಂಬುದಕ್ಕೆ ಕೋವಿಡ್ ಕಾಲದ ಒಂದು ನಿದರ್ಶನವಿದೆ. ೨೦೨೦ರ ಏಪ್ರಿಲಿನಲ್ಲಿ ದಕ್ಷಿಣ ಕೊರಿಯದ ವಿಜ್ಞಾನಿಗಳು ಆ ವೈರಸ್ಸಿನ ಮುಳ್ಳು ಪ್ರೋಟೀನನ್ನು ಹಿಡಿಯುವ ಪ್ರತಿಕಾಯವನ್ನು ಗ್ರಾಫೀನಿನ ಮೇಲಿಟ್ಟು ಸಂವೇದಕವನ್ನು ಮಾಡಿದರು. ರೋಗ ಹಬ್ಬಿದ ಕೆಲವೇ ತಿಂಗಳಲ್ಲಿ ಇದನ್ನು ಮಾಡಿದುದು ಮೆಚ್ಚತಕ್ಕ ಮಾತು. ಶುದ್ಧ ದ್ರವದಲ್ಲಿ ಒಂದು ಮಿಲಿಲೀಟರಿಗೆ ಒಂದು ಫೆಮ್ಟೋಗ್ರಾಂ ಪ್ರೋಟೀನಿದ್ದರೂ ಅದು ಹಿಡಿಯಿತು. ಒಂದು ಗ್ರಾಮಿನ ಹತ್ತು ಕೋಟಿ ಕೋಟಿಯಲ್ಲೊಂದು ಪಾಲು ಅದು. ಆದರೆ ರೋಗಿಯ ಮೂಗು ಗಂಟಲಿನ ಮಾದರಿಯನ್ನು ಸಾಗಿಸುವ ದ್ರವದಲ್ಲಿ ಪರೀಕ್ಷಿಸಿದಾಗ ಅದರ ನೂರರಷ್ಟು ಬೇಕಾಯಿತು. ಪತ್ರಿಕೆಗಳಲ್ಲಿ ಹೊಸ ಸಂವೇದಕದ ಸುದ್ದಿಯನ್ನು ಓದುವಾಗ, ಕೊಟ್ಟಿರುವ ಅಂಕಿ ಯಾವ ದ್ರವದ್ದೆಂದು ಕೇಳುವ ಅಭ್ಯಾಸ ನಮ್ಮ ವಿದ್ಯಾರ್ಥಿಗಳಿಗೆ ಬರಬೇಕು. ಒಂದು ಹನಿ ರಕ್ತದಿಂದ ಸಕಲ ರೋಗವನ್ನೂ ಹೇಳುತ್ತೇವೆಂದು ಹಣ ಕೇಳುವವರು ಮನೆಬಾಗಿಲಿಗೆ ಬಂದಾಗ ತಂದೆತಾಯಿಗಳಿಗೂ ಆ ಪ್ರಶ್ನೆ ಉಪಯೋಗಕ್ಕೆ ಬಂದೀತು.

ಇನ್ನೊಂದು ತೊಡಕು ತಯಾರಿಕೆಯದು. ಅಂಟುಪಟ್ಟಿಯಿಂದ ಕಾರ್ಖಾನೆ ನಡೆಯದು. ೨೦೦೯ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾನಿಲಯದವರು ಸುಮಾರು ೧,೦೦೦ ಡಿಗ್ರಿ ಶಾಖದಲ್ಲಿ ತಾಮ್ರದ ತಗಡಿನ ಮೇಲೆ ಮೀಥೇನ್ ಅನಿಲವನ್ನು ಹಾಯಿಸಿ ಅಗಲವಾದ ಗ್ರಾಫೀನನ್ನು ಬೆಳೆಯಿಸುವ ಕ್ರಮವನ್ನು ತೋರಿಸಿದರು. ಅದನ್ನು ತಾಮ್ರದಿಂದ ಬಿಡಿಸಿ ಬಿಲ್ಲೆಗೆ ಸಾಗಿಸುವಾಗ ಸುಕ್ಕು ಬೀಳುತ್ತದೆ, ಹರಿಯುತ್ತದೆ, ಕೊಳೆ ಉಳಿಯುತ್ತದೆ. ಎಲ್ಲವನ್ನೂ ಕೇಳಿಸಿಕೊಳ್ಳುವ ಹಾಳೆಗೆ ಈ ಕೊಳೆಯೂ ಕೇಳಿಸುತ್ತದೆ. ಆದುದರಿಂದ ಒಂದು ಬಿಲ್ಲೆಯ ಕಣಿವೆ ಇದ್ದಲ್ಲಿ ಇನ್ನೊಂದು ಬಿಲ್ಲೆಯ ಕಣಿವೆ ಇರುವುದಿಲ್ಲ. ಸಂತೆಯ ಹತ್ತು ತಕ್ಕಡಿಗಳು ಹತ್ತು ತೂಕ ತೋರಿಸಿದರೆ ವ್ಯಾಪಾರ ನಡೆಯುವುದಿಲ್ಲವಷ್ಟೆ?

ಹೀಗಿರುವುದರಿಂದ ಸಿಕಲ್ ಸೆಲ್ ತಪಾಸಣೆ ಇಂದು ನಡೆಯುತ್ತಿರುವುದು ಬೇರೆ ಸಾಧನಗಳಿಂದ. ೨೦೨೩ರ ಜುಲೈ ೧ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನ ಅಭಿಯಾನ, ರೋಗ ಹೆಚ್ಚಾಗಿರುವ ಗಿರಿಜನ ಪ್ರದೇಶಗಳಲ್ಲಿ ೪೦ ವರ್ಷದೊಳಗಿನ ೭ ಕೋಟಿ ಜನರ ತಪಾಸಣೆಯನ್ನು ಗುರಿಯಾಗಿಟ್ಟುಕೊಂಡಿತು. ಹಿಮೋಗ್ಲೋಬಿನ್ ಕರಗುವ ಬಗೆಯನ್ನು ನೋಡುವ ಅಗ್ಗದ ಪರೀಕ್ಷೆ ಒಂದು; ಅದು ತಪ್ಪಿದ ಹಿಮೋಗ್ಲೋಬಿನ್ ಇದೆಯೆಂದಷ್ಟೇ ಹೇಳುತ್ತದೆ, ರೋಗಿಯೋ ವಾಹಕನೋ ಎಂಬುದನ್ನು ಹೇಳಲಾರದು. ಅದನ್ನು ಪಾಲಿಂಗನು ಬಳಸಿದ ವಿದ್ಯುತ್ ಚಲನೆಯ ಪರೀಕ್ಷೆಯಿಂದಲೋ, ದೊಡ್ಡ ಆಸ್ಪತ್ರೆಗಳ ಎಚ್.ಪಿ.ಎಲ್.ಸಿ. ಯಂತ್ರದಿಂದಲೋ ತಿಳಿಯಬಹುದು. ತಪಾಸಣೆಯವರು ಬಂದಾಗ ನಮ್ಮ ಪೋಷಕರು ಹಿಂಜರಿಯದೆ ಮಕ್ಕಳ ಬೆರಳನ್ನು ಮುಂದೆ ಚಾಚಿಸಬೇಕೆಂದೂ, ಗ್ರಾಫೀನು ಬರಲೆಂದು ಯಾರೂ ಕಾದು ಕೂರಬೇಕಾದುದಿಲ್ಲವೆಂದೂ ವಿನಂತಿಸುತ್ತೇವೆ.

ಗ್ರಾಫೀನಿಗೆ ನಿಜವಾದ ಎಡೆಯಿರುವುದು ಹಸುಗೂಸುಗಳ ಪರೀಕ್ಷೆಯಲ್ಲೆಂದು ನಮಗೆ ತೋರುತ್ತದೆ. ಹುಟ್ಟಿದ ಕೂಸಿನ ರಕ್ತದಲ್ಲಿ ಹೆಚ್ಚಾಗಿರುವುದು ಗರ್ಭದಲ್ಲಿದ್ದಾಗಿನ ಬೇರೊಂದು ಬಗೆಯ ಹಿಮೋಗ್ಲೋಬಿನ್. ಆದುದರಿಂದ ಸುಮಾರು ಆರು ತಿಂಗಳು ತುಂಬುವವರೆಗೆ ಆ ಅಗ್ಗದ ಕರಗುವ ಪರೀಕ್ಷೆಯನ್ನು ನಂಬುವಂತಿಲ್ಲ. ವಂಶವಾಹಿಯ ಅಕ್ಷರವಾದರೋ ಹುಟ್ಟುವ ಮೊದಲೇ ಬರೆದಾಗಿರುತ್ತದೆ. ಎಳವೆಯಲ್ಲಿಯೇ ರೋಗ ತಿಳಿದು ಪೆನಿಸಿಲಿನ್ ಕೊಡುತ್ತ ಬಂದರೆ ಪ್ರಾಣಾಪಾಯದ ಸೋಂಕುಗಳು ಬಹುಮಟ್ಟಿಗೆ ತಪ್ಪುತ್ತವೆಂದು ೧೯೮೬ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗದಿಂದ ಸಿದ್ಧವಾಗಿದೆ. ದೊಡ್ಡ ಯಂತ್ರಗಳುಳ್ಳ ಊರಿನಲ್ಲಿ ಹುಟ್ಟಿದ ಕೂಸಿಗೆ ಈ ಅನುಕೂಲ ಈಗಾಗಲೇ ಇದೆ. ಬೆಟ್ಟದ ಹಾಡಿಯಲ್ಲಿ ಹುಟ್ಟಿದ ಕೂಸಿಗೆ ಅದು ದೊರೆಯಬೇಕಾದರೆ, ದಾದಿಯ ಚೀಲದಲ್ಲಿ ಹಿಡಿಸುವಂತಹ, ಒಂದರಂತೆಯೇ ಇನ್ನೊಂದು ಕೆಲಸಮಾಡುವಂತಹ ಬಿಲ್ಲೆಗಳು ಸಾವಿರಗಟ್ಟಲೆ ತಯಾರಾಗಬೇಕು. ಈಗ ಪ್ರಯೋಗಾಲಯಗಳಲ್ಲಿ ಉಳಿದಿರುವ ಕೆಲಸ ಅದು.